ಹಾಳೆ ಹೊದ್ದ ಟಾಕೀಸು

ನನ್ನ ಈ ಇಪ್ಪತ್ತಾರು ವರ್ಷದ ಬದುಕಿನಲ್ಲಿ ನನಗೆ ಚಪ್ಪಾಳೆ ಬಿದ್ದದ್ದು ಒಂದೇ ಸಲ. ಅದು ನನಗೆ ಬಿದ್ದದ್ದಲ್ಲ ಎಂದು ಗೊತ್ತಾಗಲು ಅರ್ಧ ನಿಮಿಷ ಹಿಡಿಯಿತು. ಆ ಅರ್ಧ ನಿಮಿಷ ಮಾತ್ರ ಬಹಳ ಚೆನ್ನಾಗಿತ್ತು.

ಫೆಬ್ರವರಿಯ ಒಂದು ಬೆಳಿಗ್ಗೆ, ಚನ್ನಗಿರಿಯ ಗಜಲಕ್ಷ್ಮಿ ಟಾಕೀಸಿನೊಳಗೆ ನಾನೊಬ್ಬನೇ ಗೋಡೆ ಅಳೆಯುತ್ತಿದ್ದೆ. ಅಳತೆ ಟೇಪಿನ ಇನ್ನೊಂದು ತುದಿ ಹಿಡಿಯಲು ಆಳು ಕೊಡುವಷ್ಟು ದೊಡ್ಡ ಕಚೇರಿ ನಮ್ಮದಲ್ಲವಾದ್ದರಿಂದ ಆ ತುದಿಯ ಮೇಲೆ ಒಂದು ಇಟ್ಟಿಗೆ ಇಟ್ಟಿದ್ದೆ. ತೊಂಬತ್ತು ಅಡಿ ಉದ್ದ, ನಲವತ್ತೆರಡು ಅಡಿ ಅಗಲದ ಖಾಲಿ ಹಾಲು. ಕುರ್ಚಿಗಳಿಲ್ಲ, ಜನರಿಲ್ಲ. ಇಂಥ ಜಾಗದಲ್ಲಿ ಮನುಷ್ಯನಿಗೆ ಹಾಡು ಬರುತ್ತದೆ. ನನಗೂ ಬಂತು. ಎರಡನೇ ಸಾಲಿಗೆ ಪದ ಮರೆತುಹೋಯಿತು, ಗುನುಗಿನಲ್ಲಿ ಮುಂದುವರಿಸಿದೆ. ಆ ಹಾಲಿನ ಗುಣವೋ ಏನೋ, ನನ್ನ ದನಿ ನಾಲ್ಕು ಪಟ್ಟು ದೊಡ್ಡದಾಗಿ, ಆಲಾಪವಾಗಿ ನನಗೇ ವಾಪಸ್ಸು ಬಂತು. ಇಂಥ ಕಂಠ ಇಟ್ಟುಕೊಂಡು ನಾನು ಸಿವಿಲ್ ಡಿಪ್ಲೊಮಾ ಯಾಕೆ ಮಾಡಿದೆ ಎಂದು ಮರುಗುತ್ತಿರುವಾಗಲೇ ಹಿಂದಿನ ಕತ್ತಲಿನಿಂದ ಒಂದು ಚಪ್ಪಾಳೆ ಕೇಳಿಸಿತು. ಸ್ವಲ್ಪ ಹೊತ್ತಿಗೆ ಬಲಗಡೆಯಿಂದ ಇನ್ನೊಂದು. ಆಮೇಲೆ ಕಂಬದ ಹತ್ತಿರ ಮತ್ತೊಂದು.

ನಾನು ಟೇಪು ಕೆಳಗಿಟ್ಟು, ಬೆವರು ಒರೆಸಿಕೊಂಡು, ಎರಡೂ ಕೈ ಜೋಡಿಸಿ ಕತ್ತಲಿಗೆ ನಮಸ್ಕಾರ ಮಾಡಿದೆ. "ಥ್ಯಾಂಕ್ಯೂ, ಥ್ಯಾಂಕ್ಯೂ" ಎಂದೂ ಹೇಳಿದ ನೆನಪು.

ಕತ್ತಲಿನಿಂದ ತಲೆಗೆ ಟವೆಲು ಸುತ್ತಿದ ಒಬ್ಬ ಮುದುಕ ಹೊರಬಂದ. ಅವನ ಕಣ್ಣು ನನ್ನ ಮೇಲಿರಲಿಲ್ಲ, ಗೋಡೆಯ ಮೇಲಿತ್ತು. ಇನ್ನೊಂದು ಚಪ್ಪಾಳೆ ಹೊಡೆದ. ಆಮೇಲೆ ನನ್ನನ್ನು ನೋಡಿದ.

"ಯಾರಪ್ಪ ನೀನು? ಕೈ ಯಾಕೆ ಮುಗೀತಿದೀಯ? ಎಲೆಕ್ಷನ್‌ಗೆ ನಿಂತೀಯೇನು?"

ಇವರು ಜುಂಜಪ್ಪ. ಕತ್ತಲಗೆರೆಯವರು, ವಯಸ್ಸು ಎಪ್ಪತ್ತಾರು. ಚಪ್ಪಾಳೆ ಹೊಡೆದದ್ದು ಗೋಡೆಗೆ. ಈ ಟಾಕೀಸಿನ ಗೋಡೆಗಳನ್ನು ಐವತ್ತು ವರ್ಷ ನೋಡಿಕೊಂಡವರು ಇವರೇ ಎಂದೂ, ಗೋಡೆ ನೋಡಿಕೊಳ್ಳುವುದು ಎಂಬುದೊಂದು ಕೆಲಸ ಇದೆ ಎಂದೂ ನನಗೆ ಆವತ್ತೇ ತಿಳಿದದ್ದು.

ನನ್ನ ಬಗ್ಗೆ ಹೆಚ್ಚು ಹೇಳುವುದೇನಿಲ್ಲ. ಹೆಸರು ಶರಣು, ಊರು ನ್ಯಾಮತಿ. ದಾವಣಗೆರೆಯಲ್ಲಿ ಕಟ್ಟಡಗಳ ಯೋಗ್ಯತೆ ಪರೀಕ್ಷೆ ಮಾಡಿ ವರದಿ ಕೊಡುವ ನಾಗರಾಜ್ ಎಂಬ ಇಂಜಿನಿಯರ್ ಹತ್ತಿರ ತಿಂಗಳ ಸಂಬಳಕ್ಕೆ ಇದ್ದೇನೆ. ನಮ್ಮ ಸಾಹೇಬರು ಕಟ್ಟಡವನ್ನು ಕಾರಿನಿಂದಲೇ ನೋಡಿ ತೀರ್ಮಾನ ಮಾಡುತ್ತಾರೆ. ಆ ತೀರ್ಮಾನಕ್ಕೆ ಬೇಕಾದ ಅಳತೆಗಳನ್ನು ಆಮೇಲೆ ನಾನು ಹೋಗಿ ತರುತ್ತೇನೆ. ಗಜಲಕ್ಷ್ಮಿಯ ವಿಷಯದಲ್ಲೂ ತೀರ್ಮಾನ ಆಗಿಹೋಗಿತ್ತು: ಕೆಡವುವುದು ಸೂಕ್ತ. ವರದಿಯನ್ನು ಹಿಂದಿನ ವಾರವೇ ನಾನು ಟೈಪು ಮಾಡಿದ್ದೆ. ಜಗಳೂರಿನ ಒಂದು ಛತ್ರಕ್ಕೆ ಬರೆದ ಹಳೆಯ ವರದಿ ತೆಗೆದು ಹೆಸರು ಬದಲಿಸಿದ್ದೆ, ಅಷ್ಟೇ. ಅದರಲ್ಲಿ "ಅಡುಗೆಮನೆಯ ಒಲೆಗಳು ಸುಸ್ಥಿತಿಯಲ್ಲಿವೆ" ಎಂಬ ಸಾಲು ಹಾಗೇ ಉಳಿದುಕೊಂಡಿತ್ತು. ಟಾಕೀಸಿನಲ್ಲಿ ಒಲೆ ಎಲ್ಲಿಂದ ಬಂತು ಎಂದು ಮಾಲೀಕ ಗುರುಬಸವರಾಜ್ ಕೇಳಿದಾಗ ಸಾಹೇಬರು ನನ್ನ ಕಡೆ ನೋಡಿದರು. ನಾನು ಚಾವಣಿ ನೋಡಿದೆ.

ಗುರುಬಸವರಾಜ್ ಅಡಿಕೆ ಮಂಡಿಯ ಸಾವ್ಕಾರರು. ಗಜಲಕ್ಷ್ಮಿ ಕಟ್ಟಿಸಿದ್ದು ಅವರ ತಾತ ಮಲ್ಲಿಕಾರ್ಜುನಪ್ಪ, ಸಾವಿರದ ಒಂಬೈನೂರ ಮೂವತ್ತೊಂಬತ್ತರಲ್ಲಿ. ಆ ಇಸವಿ ಇನ್ನೂ ನೆತ್ತಿಯ ಮೇಲೆ ಗಾರೆಯಲ್ಲಿ ಉಬ್ಬಿಕೊಂಡಿದೆ. ಕಟ್ಟಡವನ್ನು ಬೀದಿಯಿಂದ ನೋಡಿದರೆ ಎಂಥವರೂ ಒಂದು ಸಲ ನಿಲ್ಲಬೇಕು. ಮೆಟ್ಟಿಲು ಮೆಟ್ಟಿಲಾಗಿ ಮೇಲೇರುವ ಗೋಪುರ, ಮೂಲೆಗಳೆಲ್ಲ ಹಡಗಿನ ಹಾಗೆ ದುಂಡಗೆ, ಕಿಟಕಿಗಳ ಮೇಲೆ ಹುಬ್ಬು ಎತ್ತಿದಂಥ ಸಜ್ಜಾ. ನಡುವೆ ಎರಡು ಗಾರೆಯ ಆನೆಗಳು ಸೊಂಡಿಲಿನಿಂದ ನೀರು ಸುರಿಯುತ್ತವೆ. ಲಕ್ಷ್ಮಿ ಇರಬೇಕಾದ ಜಾಗದಲ್ಲಿ ಒಂದು ಫಿಲ್ಮು ಸುರುಳಿ ಕೂತಿದೆ. ಬಾಗಿಲಿಗೆ ಬರ್ಮಾ ತೇಗ, ಗಂಡಸರಿಗೊಂದು, ಹೆಂಗಸರಿಗೊಂದು. ಟಿಕೆಟು ಕೊಡುವ ಕಿಂಡಿ ಎಷ್ಟು ಚಿಕ್ಕದೆಂದರೆ, ಕೈ ಹೋದರೆ ಮುಷ್ಟಿ ಬಿಚ್ಚಿಯೇ ಹೊರಗೆ ತರಬೇಕು.

ಬೀದಿಯ ಕಡೆ ಇಷ್ಟು. ಒಳಗೆ ಹೋದರೆ ಅದು ಗೋದಾಮು.

ಇದಕ್ಕೆ ಕಾರಣವನ್ನು ಜುಂಜಪ್ಪ ಆವತ್ತೇ ಹೇಳಿದರು. ನನ್ನ ಟೇಪಿನ ತುದಿಯ ಇಟ್ಟಿಗೆ ತೆಗೆದು ತಾವೇ ಹಿಡಿದುಕೊಂಡು, ಅಳತೆಗೆ ಜೊತೆಯಾಗಿ ನಡೆಯುತ್ತ ಹೇಳಿದರು.

"ದೊಡ್ಡ ಸಾವ್ಕಾರ್ರು ಅಡಿಕೆ ಮಾರಾಕೆ ಬೊಂಬಾಯಿಗೆ ಹೋಗಿದ್ರು. ಅಲ್ಲೊಂದು ಥೇಟರ್ ನೋಡಿ ತಲೆ ಕೆಟ್ಟೋಯ್ತು. ಅದರ ಫೋಟೋ ಇರೋ ಒಂದು ಕಾರ್ಡು ತಗಂಬಂದು ನಮ್ಮೂರ ಮೇಸ್ತ್ರಿ ಕೈಗೆ ಕೊಟ್ಟು, ಹಿಂಗೇ ಕಟ್ಟು ಅಂದ್ರು. ಕಾರ್ಡಿನಾಗೆ ಇದ್ದಿದ್ದು ಮುಂದ್ಗಡೆ ಮಾತ್ರ. ಹಿಂದೆ ಹೆಂಗೈತೆ ಅಂತ ಯಾರಿಗೆ ಗೊತ್ತು? ಮೇಸ್ತ್ರಿ ಹುಟ್ಟಿದಾಗಿಂದ ಕಟ್ಟಿದ್ದು ಅಡಿಕೆ ಗೋದಾಮು. ಮುಂದೆ ಬೊಂಬಾಯಿ ಕಟ್ಟಿದ, ಹಿಂದೆ ಗೋದಾಮು ಕಟ್ಟಿದ."

ನಾನು ಗೋಡೆ ಮುಟ್ಟಿ ನೋಡಿದೆ. ಎರಡಡಿ ದಪ್ಪದ ಕಲ್ಲು, ನುಣ್ಣನೆಯ ಗಾರೆ. ಕಿಟಕಿಗಳು ಆಳೆತ್ತರದ ಎರಡರಷ್ಟು ಮೇಲೆ, ಇಲಿ ನುಸುಳದಷ್ಟು ಸಣ್ಣವು. ಮಾತು ಇಂಥ ಗೋಡೆಗೆ ಬಡಿದರೆ ಹೋಗಲು ದಾರಿಯಿಲ್ಲದೆ ಅಲ್ಲೇ ಸುತ್ತುತ್ತದೆ. ಮೊದಲನೇ ಆಟದ ದಿನ ಪರದೆಯ ಮೇಲೆ ರಾಜ ಒಂದು ಸಲ "ಯಾರಲ್ಲಿ" ಎಂದರೆ ಹಾಲಿನಲ್ಲಿ ನಾಲ್ಕು ಜನ ರಾಜರು ಕೂಗಿದಂತಾಯಿತಂತೆ. ಮಂತ್ರಿ ಉತ್ತರ ಕೊಡುವಾಗ ರಾಜನ ಮೂರನೇ ಪ್ರಶ್ನೆ ಇನ್ನೂ ತಿರುಗುತ್ತಿತ್ತು. ನಗುವ ಜಾಗದಲ್ಲಿ ಮುಂದಿನ ನೆಲದವರು ಒಂದು ಸಲ, ಬೆಂಚಿನವರು ಒಂದು ಸಲ, ಹಿಂದಿನ ಕುರ್ಚಿಯವರು ಕೊನೆಗೊಂದು ಸಲ ನಕ್ಕರು. ಹುಚ್ಚು ಹಿಡಿದ ಹಾಗೆ ಜನ ವಾರವಿಡೀ ಬಂದರು. ಸಿನಿಮಾ ನೋಡಲಿಕ್ಕಲ್ಲ, ಕೂಗಾಡಲಿಕ್ಕೆ.

"ಆಗ ನಮ್ಮಪ್ಪ ಮಂಡಿಯಾಗೆ ಚೀಲ ಹೊಲೀತಿದ್ದ," ಎಂದರು ಜುಂಜಪ್ಪ. "ಸಾವ್ಕಾರ್ರೆ, ನಮ್ಮ ಗೋದಾಮು ಖಾಲಿ ಇದ್ರೆ ಕೂಗ್ತೈತೆ, ತುಂಬಿದ್ರೆ ಸುಮ್ಕಿರ್ತೈತೆ, ಇದನ್ನೂ ತುಂಬಿ ಅಂದ. ಅಡಿಕೆ ಸಿಪ್ಪೆ ತುಂಬಿದ ಚೀಲ ತಂದು ಗೋಡೆಗೆ ಒಟ್ಟಿದ್ರು. ಗೋಡೆ ಬಾಯಿ ಮುಚ್ತು. ಆದರೆ ಸುಗ್ಗೀಲಿ ಚೀಲ ಮಂಡಿಗೆ ಬೇಕಲ್ಲ? ಅದಕ್ಕೆ ನಮ್ಮಪ್ಪ ಹಾಳೆ ಹೊಲಿದ."

ಅಡಿಕೆ ಮರದಿಂದ ಕಳಚಿ ಬೀಳುವ ಹಾಳೆ. ಅದನ್ನು ರಾತ್ರಿಯಿಡೀ ಪಟಿಕದ ನೀರಿನಲ್ಲಿ ನೆನೆಸಬೇಕು. ಪಟಿಕ ಹಿಡಿದ ಹಾಳೆಗೆ ಬೇಗ ಬೆಂಕಿ ಹತ್ತುವುದಿಲ್ಲ. ಮೆತ್ತಗಾದ ಮೇಲೆ ಕಲ್ಲು ಹೇರಿ ಚಪ್ಪಟೆ ಮಾಡಿ, ದಬ್ಬಳದಲ್ಲಿ ಸಾಲು ಸಾಲು ತೂತು ಹೊಡೆದು, ಅಂಚಿಗೆ ಅಂಚು ಸೇರಿಸಿ ಹೊಲಿದು, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಮರದ ಪಟ್ಟಿಗೆ ಮೊಳೆ ಹೊಡೆಯಬೇಕು. ಆ ನಾಲ್ಕು ಬೆರಳಿನ ಸಂದಿಗೆ ಅಡಿಕೆ ಸಿಪ್ಪೆ. ಪ್ರತಿ ಬೇಸಿಗೆಯಲ್ಲಿ ಟಾಕೀಸಿಗೆ ನಾಲ್ಕು ದಿನ ರಜೆ. ಆ ನಾಲ್ಕು ದಿನದಲ್ಲಿ ಗೆದ್ದಲು ತಿಂದ ಹಾಳೆ ಬದಲಿಸುವುದು. ಜುಂಜಪ್ಪ ಹನ್ನೆರಡನೇ ವಯಸ್ಸಿಗೆ ಅಪ್ಪನ ದಬ್ಬಳ ಹಿಡಿದವರು, ಹನ್ನೆರಡು ವರ್ಷದ ಹಿಂದೆ ಟಾಕೀಸು ಮುಚ್ಚುವವರೆಗೂ ಬಿಡಲಿಲ್ಲ. ಆಮೇಲೆ ಅದು ನಿಜವಾದ ಗೋದಾಮೇ ಆಯಿತು. ಬಾಡಿಗೆಗೆ ಬಂದವರು ಹಾಳೆ ಕಿತ್ತು ಒಲೆಗೆ ಹಾಕಿದರು. ಹಾಗೆ ನೋಡಿದರೆ ನನ್ನ ವರದಿಯ ಒಲೆ ತೀರ ಸುಳ್ಳೇನಲ್ಲ.

ಈಗ ಗುರುಬಸವರಾಜರಿಗೆ ಎರಡು ಮನಸ್ಸು. ಕೆಡವಿ ಅಂಗಡಿ ಸಾಲು ಕಟ್ಟಬಹುದು, ಇಲ್ಲವೆ ಉಳಿಸಿ ಸಿನಿಮಾ, ನಾಟಕ, ಸಭೆಗೆ ಕೊಡಬಹುದು. ಆವತ್ತು ಮಧ್ಯಾಹ್ನ ಅವರ ಜೊತೆ ಬಂದ ನಮ್ಮ ನಾಗರಾಜ್ ಸಾಹೇಬರು ಹಾಲಿನ ನಡುವೆ ನಿಂತು "ಹಲೋ" ಎಂದರು. ಗೋಡೆಗಳು ನಾಲ್ಕು ಸಲ ಹಲೋ ಎಂದವು.

"ನೋಡಿದ್ರಾ? ಸೌಂಡ್ ಅನ್ನೋದು ಸೈನ್ಸು ಕಣ್ರಿ. ಇದು ಸರಿ ಹೋಗಲ್ಲ."

ಜುಂಜಪ್ಪ ಟವೆಲು ಬಿಚ್ಚಿ ಹೆಗಲಿಗೆ ಹಾಕಿಕೊಂಡರು. "ಸಾವ್ಕಾರ್ರೆ, ಮೂರು ವಾರ ಕೊಡ್ರಿ. ಹಾಳೆ ಹೊದಿಸ್ತೀನಿ."

ಸಾವ್ಕಾರರು ಒಂದು ಸಲ ತಾತ ಹಾಕಿಸಿದ ತೇಗದ ಬಾಗಿಲ ಕಡೆ ನೋಡಿದರು. ಆಮೇಲೆ ಹೇಳಿದರು: "ಯುಗಾದಿ ಹಿಂದಿನ ಭಾನುವಾರ ಮ್ಯಾಟಿನಿಗೆ ಒಂದು ಸಿನಿಮಾ ಹಾಕ್ಸಾನ. ಊರೋರ್ನೆಲ್ಲ ಕರೀತೀನಿ. ನಾನು ಕಟ್ಟಕಡೇ ಸಾಲಿನಾಗೆ ಕೂತ್ಕಂತೀನಿ. ಮಾತು ಅರ್ಥ ಆದ್ರೆ ಟಾಕೀಸು ಉಳಿತೈತೆ ಜುಂಜಣ್ಣ. ಆಗ್ಲಿಲ್ಲ ಅಂದ್ರೆ ಯುಗಾದಿ ಮಾರನೇ ದಿನ ಜೇಸಿಬಿ."

ನಮ್ಮ ಸಾಹೇಬರು ನನ್ನನ್ನು ಅಲ್ಲೇ ಬಿಟ್ಟು ಹೊರಟರು. ಮುದುಕ ಏಣಿಯಿಂದ ಬಿದ್ದರೆ ಹಿಡಿಯಲು ಯಾರಾದರೂ ಬೇಕಲ್ಲ. ಕಚೇರಿಯಲ್ಲಿ ನನ್ನ ಕುರ್ಚಿ ಖಾಲಿಯಿದ್ದರೆ ಯಾವ ಕೆಲಸವೂ ನಿಲ್ಲುವುದಿಲ್ಲ ಎಂಬುದು ಅವರಿಗೂ ಗೊತ್ತಿತ್ತು.

ಆ ಮೂರು ವಾರ ನಾನು ದಿನಾ ಬೆಳಿಗ್ಗೆ ನ್ಯಾಮತಿಯಿಂದ ಹೊನ್ನಾಳಿ ಬಸ್ಸು, ಹೊನ್ನಾಳಿಯಿಂದ ಚನ್ನಗಿರಿ ಬಸ್ಸು ಹಿಡಿದು ಬರುತ್ತಿದ್ದೆ. ಹಾಳೆ ಕತ್ತಲಗೆರೆಯಿಂದ ಎರಡು ಟೆಂಪೊ, ಸಾಸ್ವೆಹಳ್ಳಿ ಕಡೆಯಿಂದ ಒಂದು ಟೆಂಪೊ ಬಂದವು. ಒಟ್ಟು ಸಾವಿರದ ನಾನೂರು. ಅವನ್ನು ನೆನೆಸುವ ಉಸ್ತುವಾರಿ ಜುಂಜಪ್ಪನವರ ಹೆಂಡತಿ ಗಾದ್ರಮ್ಮನವರದು. ಅವರ ಕೈಕೆಳಗೆ ಮಂಡಿಯಲ್ಲಿ ಅಡಿಕೆ ಸುಲಿಯುವ ನಾಲ್ವರು ಹೆಂಗಸರು ಮತ್ತು ನಾನು. ಐವರಲ್ಲಿ ಕೆಲಸ ಬಾರದವನು ನಾನೊಬ್ಬನೇ.

"ದಬ್ಬಳ ಹಿಂಗೆ ಹಿಡ್ಕಂತಾರೇನೋ ಮಗಾ? ಪೆನ್ನಲ್ಲ ಅದು."

"ಅಜ್ಜಿ, ನಾನು ಡಿಪ್ಲೊಮಾ ಮಾಡೀನಿ."

"ಮಾಡಿದ್ರೆ ಮಾಡು, ಬೆರಳು ಚುಚ್ಕಂಬ್ಯಾಡ. ಹಾಳೆಗೆ ರಕ್ತ ಹತ್ತಿದ್ರೆ ಇರುವೆ ಬರ್ತವೆ."

ಗಾದ್ರಮ್ಮನವರ ಮದುವೆಯೂ ಈ ಗೋಡೆಯಿಂದಲೇ ಆದದ್ದು. ಹೆಂಗಸರ ಕಡೆ ಮೂರನೇ ಕಂಬದ ಹತ್ತಿರ ಮಾತ್ರ ಮಾತು ಗಾಜಿನ ಹಾಗೆ ಕೇಳಿಸುತ್ತದೆ ಎಂಬ ಗುಟ್ಟು ಆಗ ಜುಂಜಪ್ಪನೊಬ್ಬನಿಗೇ ಗೊತ್ತಿತ್ತು. ಅಡಿಕೆ ಸುಲಿಯಲು ಬರುತ್ತಿದ್ದ ಹುಡುಗಿಗೆ ಅವನು ಹೇಳಿದ ಮೊದಲ ಪ್ರೇಮದ ಮಾತು, "ಮೂರನೇ ಕಂಬದ ಹತ್ರ ಕೂತ್ಕ."

"ಎರಡು ವರ್ಷ ಅಲ್ಲೇ ಕೂತು ನೋಡಿದೆ," ಎಂದರು ಗಾದ್ರಮ್ಮ. "ಆಮೇಲೆ ನಮ್ಮ ಮನೆಗೆ ಹೆಣ್ಣು ಕೇಳಾಕೆ ಬಂದ್ರು. ಒಲ್ಲೆ ಅಂದ್ರೆ ಜಾಗ ಹೋಗ್ತೈತಲ್ಲ ಅಂತ ಹೂಂ ಅಂದೆ."

ಜುಂಜಪ್ಪ ಏಣಿಯ ಮೇಲಿದ್ದರು. ಇವರ ಮಾತು ಕೇಳಿಸದವರ ಹಾಗೆ ಮೊಳೆ ಹೊಡೆಯುತ್ತಿದ್ದರು. ಅವರದು ಯಾವಾಗಲೂ ಹಾಗೆಯೇ. ಕೆಳಗಿನಿಂದ "ಅಜ್ಜಾ, ಟೀ!" ಎಂದು ಎರಡು ಸಲ ಕೂಗಿದರೂ ತಿರುಗುತ್ತಿರಲಿಲ್ಲ. ಕೆಲಸದಲ್ಲಿ ಮುಳುಗಿದ್ದಾರೆ ಎಂದುಕೊಳ್ಳುತ್ತಿದ್ದೆ. ಮಾತಾಡಬೇಕಾದರೆ ಬಲಗಡೆ ಬಂದು ನಿಂತುಕೋ ಎನ್ನುತ್ತಿದ್ದರು. ದೊಡ್ಡವರಿಗೆ ಒಂದೊಂದು ಗತ್ತು ಇರುತ್ತದೆ ಎಂದು ಅದಕ್ಕೂ ಒಂದು ಗೌರವ ಕೊಟ್ಟಿದ್ದೆ.

ಗೋಡೆಯ ಒಂದೊಂದು ಭಾಗ ಮುಗಿದ ಕೂಡಲೇ ಪರೀಕ್ಷೆ. ಹಾಲಿನಲ್ಲಿ ಏಳು ಜಾಗ; ಒಂದೊಂದರಲ್ಲೂ ನಿಂತು ಒಂದೊಂದು ಚಪ್ಪಾಳೆ. ಚಪ್ಪಾಳೆ ಹೊಡೆಯುವ ಕೆಲಸ ನನ್ನದಾಯಿತು.

"ನೀನು ಹೊಡಿ, ನಾನು ನೋಡ್ಕಂತೀನಿ."

ನಾನು ಹೊಡೆಯುತ್ತಿದ್ದೆ. ಗೋಡೆ ಎದುರುತ್ತರ ಕೊಟ್ಟರೆ ಅವರಿಗೆ ಹೇಗೋ ತಕ್ಷಣ ತಿಳಿಯುತ್ತಿತ್ತು. "ಆ ಮೂಲೆಗೆ ಇನ್ನೆರಡು ಹಾಳೆ." "ಇಲ್ಲಿ ಸಿಪ್ಪೆ ಕಮ್ಮಿ ಆಗೈತೆ." ಅಚ್ಚರಿಯೆಂದರೆ ಅವರು ಗೋಡೆಯನ್ನು ನೋಡುತ್ತಲೇ ಇರಲಿಲ್ಲ. ನನ್ನೆದುರು ಮೂರು ಮಾರು ದೂರದಲ್ಲಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದರು. ಇಷ್ಟು ಗಮನವಿಟ್ಟು ಈ ಮುಖವನ್ನು ನೋಡಿದವನು ಅದಕ್ಕೆ ಮುಂಚೆ ಪಾಸ್‌ಪೋರ್ಟ್ ಫೋಟೊ ತೆಗೆದವನೊಬ್ಬನೇ. ನನ್ನ ಮುಖದಲ್ಲಿ ಏನೋ ಒಂದು ವಿಶೇಷ ಇರಬೇಕು ಎಂದು ಬಸ್ಸಿನ ಕನ್ನಡಿಯಲ್ಲಿ ನೋಡಿಕೊಂಡೆ. ಕಾಣಿಸಲಿಲ್ಲ.

ಎರಡನೇ ವಾರ ಮುಗಿಯುವ ಹೊತ್ತಿಗೆ ಹಾಲು ಬದಲಾಗಿತ್ತು. ಎರಡೂ ಕಡೆಯ ಗೋಡೆ ಒಣಗಿದ ಹಾಳೆಯ ಜೇನು ಬಣ್ಣಕ್ಕೆ ತಿರುಗಿ, ಮೇಲಿನ ಸಣ್ಣ ಕಿಟಕಿಗಳಿಂದ ಬಿಸಿಲು ಬಿದ್ದಾಗ ಇಡೀ ಹಾಲು ಬೆಲ್ಲದ ಅಚ್ಚಿನೊಳಗೆ ಕೂತ ಹಾಗೆ ಕಾಣುತ್ತಿತ್ತು. ಮಧ್ಯಾಹ್ನ ಎಲ್ಲರೂ ಪರದೆಯ ಕಟ್ಟೆಯ ಮೇಲೆ ಕೂತು ಮಂಡಕ್ಕಿ, ಮೆಣಸಿನಕಾಯಿ ತಿನ್ನುತ್ತಿದ್ದೆವು. ಮಂಡಕ್ಕಿ ಅಗಿಯುವ ಸದ್ದು ಕೂಡ ಮೊದಲು ನಾಲ್ಕು ಸಲ ಕೇಳುತ್ತಿದ್ದದ್ದು ಈಗ ಒಂದೇ ಸಲ ಕೇಳಿ ಸುಮ್ಮನಾಗುತ್ತಿತ್ತು. ನಾನು ಇನ್ನೊಂದು ಸಲ ಹಾಡಿ ನೋಡಿದೆ. ನನ್ನ ಕಂಠ ಎಷ್ಟಿದೆಯೋ ಅಷ್ಟೇ ಕೇಳಿಸಿತು. ಡಿಪ್ಲೊಮಾ ಮಾಡಿದ್ದು ಒಳ್ಳೆಯದೇ ಆಯಿತು ಎನಿಸಿತು.

ಕೊನೆಯದಾಗಿ ಉಳಿದದ್ದು ಹಿಂದಿನ ಗೋಡೆ, ಕಡೇ ಸಾಲಿನ ಬೆನ್ನಿಗೆ. ಶನಿವಾರ ಮಧ್ಯಾಹ್ನ ಅದಕ್ಕೆ ಅರ್ಧದವರೆಗೆ ಹಾಳೆ ಹೊಡೆದಾಗಿತ್ತು. ಹಾಳೆಯೂ ಮುಗಿಯುತ್ತ ಬಂದಿತ್ತು. ಇಷ್ಟು ಸಾಕೋ, ಇನ್ನೂ ಬೇಕೋ ನೋಡಲು ಜುಂಜಪ್ಪ ನನ್ನನ್ನು ಏಳನೇ ಜಾಗದಲ್ಲಿ ನಿಲ್ಲಿಸಿದರು.

ಅದೇ ಹೊತ್ತಿಗೆ ನನ್ನ ಜೇಬಿನಲ್ಲಿ ಫೋನು ನಡುಗಿತು. ಕಾವ್ಯಶ್ರೀ. ನ್ಯಾಮತಿಯಲ್ಲಿ ಜೆರಾಕ್ಸ್ ಅಂಗಡಿ ನಡೆಸುವ ಈಕೆಯ ಹತ್ತಿರ ನಾನು ಬೇಕಿಲ್ಲದ ಕಾಗದಗಳನ್ನೆಲ್ಲ ಜೆರಾಕ್ಸ್ ಮಾಡಿಸುತ್ತ ಆರು ತಿಂಗಳಾಗಿತ್ತು. ಟಾಕೀಸಿನ ಫೋಟೊ ಕಳಿಸಿ, ನಾಳೆ ಆಟ ಇದೆ ಎಂದು ಬರೆದಿದ್ದೆ. ಉತ್ತರ ಬಂದಿತ್ತು: "ಅಮ್ಮನ ಜೊತೆ ಬರ್ತೀನಿ. ಹಿಂದಿನ ಸಾಲಲ್ಲಿ ಜಾಗ ಹಿಡಿದಿಡಿ."

"ಹೊಡಿಯಪ್ಪ!" ಎಂದರು ಜುಂಜಪ್ಪ.

ಹೊಡೆದೆ. ಗೋಡೆ ಏನೆಂದಿತೋ ದೇವರಿಗೇ ಗೊತ್ತು. ನನ್ನ ಬಾಯಿ ಕಿವಿಯವರೆಗೂ ಹಿಗ್ಗಿತ್ತು.

ಜುಂಜಪ್ಪ ನನ್ನ ಮುಖ ನೋಡಿದರು. ಅವರ ಮುಖವೂ ಅರಳಿತು. "ಮುಗೀತು! ಗಾದ್ರೀ, ತೊಟ್ಟಿ ನೀರು ಚೆಲ್ಲು. ಇಷ್ಟೇ ಸಾಕು."

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಹೊನ್ನಾಳಿಯಿಂದ ಪ್ರೊಜೆಕ್ಟರು, ಸ್ಪೀಕರು ತಂದವನು ಅರ್ಧ ರೀಲಿನಷ್ಟು ಓಡಿಸಿ ನೋಡಿದ. ಸಾವ್ಕಾರರು ಮುಂದಿನಿಂದ ಒಂದೊಂದೇ ಸಾಲಿನಲ್ಲಿ ಕೂತು ಏಳುತ್ತ ಬಂದರು. ಎಲ್ಲ ಕಡೆ ಮಾತು ಸ್ವಚ್ಛ. ಕೊನೆಯ ಮೂರು ಸಾಲಿಗೆ ಬಂದಾಗ ಅವರ ಮುಖ ಬದಲಾಯಿತು. ನಾನೂ ಹೋಗಿ ಕೂತೆ. ನಾಯಕಿ ಒಂದು ಸಲ "ಅಮ್ಮಾ" ಎಂದಳು. ನನ್ನ ತಲೆಯ ಹಿಂದಿನಿಂದ ಇನ್ನೊಬ್ಬಳು "ಅಮ್ಮಾ" ಎಂದಳು.

ನಮ್ಮ ಸಾಹೇಬರು ಆವತ್ತೂ ಕಾರಿನಿಂದ ಇಳಿದು ಒಳಗೆ ಬಂದಿದ್ದರು. "ನಾನು ಹೇಳಲಿಲ್ವಾ? ಸೈನ್ಸು."

ಜುಂಜಪ್ಪ ಹಿಂದಿನ ಗೋಡೆಗೆ ಅಂಗೈ ಒತ್ತಿಕೊಂಡು ನಿಂತರು. ಗಾದ್ರಮ್ಮ ಮಾತ್ರ ನನ್ನ ಅಂಗಿಯ ತೋಳು ಹಿಡಿದು ಟಿಕೆಟ್ ಕಿಂಡಿಯ ಕೋಣೆಗೆ ಎಳೆದುಕೊಂಡು ಹೋದರು.

"ನಿನ್ನೆ ಯಾಕೋ ನಗ್ತಿದ್ದೆ?"

"ಯಾವಾಗ ಅಜ್ಜಿ?"

"ಇಲ್ಲಿ ಕಡೇ ಚಪ್ಪಾಳೆ ಹೊಡಿವಾಗ! ಹಲ್ಲು ಕಿರಿತಾ ನಿಂತಿದ್ದೆ. ಅವರು ನಿನ್ನ ಮುಖ ನೋಡಿ ಗೋಡೆ ಸರಿ ಐತೆ ಅಂದ್ಕಂಡ್ರು!"

ಗೋಡೆಯ ವಿಷಯವನ್ನು ನನ್ನ ಮುಖದಲ್ಲೇಕೆ ನೋಡಬೇಕು ಎಂದು ಕೇಳಿದೆ.

"ಅವರಿಗೆ ಕಿವಿ ಎಲ್ಲೈತೋ ಮಗಾ?" ಎಂದರು ಗಾದ್ರಮ್ಮ, ದನಿ ಇಳಿಸಿ. "ಟಾಕೀಸು ಮುಚ್ಚಿದ ಮೇಲೆ ಹತ್ತು ವರ್ಷ ಅಡಿಕೆ ಸುಲಿಯೋ ಮಷಿನ್ ಮುಂದೆ ನಿಂತ್ರಲ್ಲ, ಅದು ತಿಂದು ಹಾಕ್ತು. ಎಡಗಿವಿ ಪೂರಾ ಹೋಗೈತೆ. ಬಲಗಿವಿ ಹತ್ರ ಬಂದು ಮಾತಾಡಿದ್ರೆ ಸರಿ. ಗೋಡೆ ಮಾತು ಅಷ್ಟು ಸಣ್ಣದು ಅವರಿಗೆ ಎಲ್ಲಿ ಕೇಳ್ಬೇಕು? ನಿನಗೆ ಮರುದನಿ ಕೇಳಿದ್ರೆ ಹುಬ್ಬು ಗಂಟಾಗ್ತೈತೆ, ಕೇಳದಿದ್ರೆ ಬಿಡ್ತೈತೆ. ಈ ಹುಡುಗನ ಮುಖದಾಗೆ ಏನೂ ಬಚ್ಚಿಡಾಕೆ ಬರಲ್ಲ ಕಣೆ, ಇವನೇ ನನ್ನ ಕಿವಿ ಅಂತ ಮೊದಲ್ನೇ ದಿನಾನೇ ಅಂದ್ರು."

"ಹಂಗಾದ್ರೆ ಮೊದಲ್ನೇ ದಿನ ಚಪ್ಪಾಳೆ ಹೊಡೀತಿದ್ರಲ್ಲ, ಅದೇನು?"

"ಅಭ್ಯಾಸ. ಗುಡಿ ಒಳಗೆ ಹೋದೋರು ಗಂಟೆ ಹೊಡೆಯಲ್ವಾ, ಹಂಗೆ."

ಅಂದರೆ ಆವತ್ತು ನಾನು ಹಾಡಿದ್ದು ಅವರಿಗೆ ಕೇಳಿಸಿಯೇ ಇರಲಿಲ್ಲ. ಮೂರು ವಾರದಿಂದ ಮನಸ್ಸಿನ ಒಂದು ಮೂಲೆಯಲ್ಲಿ ಉಳಿಸಿಕೊಂಡಿದ್ದ ಅರೆಪಾವು ಆಸೆಯೂ ಅಲ್ಲಿಗೆ ಹೋಯಿತು. ಅದಕ್ಕಿಂತ ದೊಡ್ಡದಾದ ಒಂದು ನಾಚಿಕೆ ಮಾತ್ರ ಒಳಗೆ ಬಂದು ಕೂತಿತು. ಒಂದು ಮೆಸೇಜಿಗೆ ಹಲ್ಲು ಕಿರಿದು ನಾನು ಒಬ್ಬ ಮನುಷ್ಯನ ಐವತ್ತು ವರ್ಷದ ಗೋಡೆಯನ್ನು ಜೇಸಿಬಿಯ ಮುಂದೆ ತಂದು ನಿಲ್ಲಿಸಿದ್ದೆ.

ಹೊರಗೆ ಬಂದು ಜುಂಜಪ್ಪನವರ ಬಲಗಡೆ ನಿಂತೆ. "ಅಜ್ಜಾ, ತಪ್ಪು ನಂದು. ನಿನ್ನೆ ನಾನು ನಕ್ಕಿದ್ದು ಗೋಡೆಗಲ್ಲ."

ಅವರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. "ಹುಡುಗಿಯೇನೋ?"

"ಹೂಂ."

"ಎಲ್ಲಿ ಕೂತ್ಕಬೇಕು ಅಂತ ಹೇಳಿದ್ಯಾ?"

"ಹಿಂದಿನ ಸಾಲು."

"ದಡ್ಡ! ಅಲ್ಲೇ ಕೆಟ್ಟಿರೋದು." ಅವರು ತಟ್ಟನೆ ತಿರುಗಿ ಸಾವ್ಕಾರರನ್ನು ತಮ್ಮ ಬಲಗಡೆಗೆ ಕೂಗಿ ಕರೆದರು. "ಸಾವ್ಕಾರ್ರೆ! ನೆನೆಸಿದ ಹಾಳೆ ಮುಗಿದೈತೆ, ಹೊಸದು ನೆನೆಯಾಕೆ ಒಂದು ರಾತ್ರಿ ಬೇಕು. ನಿಮ್ಮ ಮಂಡಿಯಾಗೆ ಸಿಪ್ಪೆ ಐತಾ?"

"ಗುಡ್ಡ ಐತೆ."

"ಖಾಲಿ ಚೀಲ?"

"ಎಷ್ಟು ಬೇಕು?"

"ನಿಮ್ಮ ತಾತ ಎಷ್ಟು ತರಿಸಿದ್ರೋ ಅಷ್ಟು."

ಆಟ ಎರಡೂವರೆಗೆ. ಆಗ ಗಂಟೆ ಹನ್ನೊಂದಾಗಿತ್ತು. ಆಮೇಲಿನ ಮೂರು ಗಂಟೆ ಚನ್ನಗಿರಿಯ ಆ ಬೀದಿಯಲ್ಲಿ ನಡೆದದ್ದನ್ನು ಮದುವೆ ದಿಬ್ಬಣ ಎನ್ನಬೇಕೋ, ಕಳ್ಳರ ಗುಂಪು ಎನ್ನಬೇಕೋ ನೋಡಿದವರಿಗೆ ತಿಳಿದಿರಲಿಕ್ಕಿಲ್ಲ. ಮಂಡಿಯಿಂದ ಟಾಕೀಸಿಗೆ ಸಿಪ್ಪೆ ತುಂಬಿದ ಚೀಲಗಳ ಮೆರವಣಿಗೆ. ಹೆಂಗಸರು ತುಂಬಿದರು, ಗಾದ್ರಮ್ಮ ಬಾಯಿ ಹೊಲಿದರು, ನಾವು ಹೊತ್ತೆವು. ಬಿಳಿ ಪಂಚೆ ಮೇಲೆ ಕಟ್ಟಿ ಸಾವ್ಕಾರರೇ ಒಂದು ಚೀಲ ಹೆಗಲಿಗೇರಿಸಿದ ಮೇಲೆ ನಾಗರಾಜ್ ಸಾಹೇಬರಿಗೆ ಸುಮ್ಮನೆ ನಿಲ್ಲಲು ಧೈರ್ಯ ಸಾಲಲಿಲ್ಲ. ಅವರೂ ಒಂದು ಚೀಲ ಎತ್ತಿದರು. ದಾರಿಯಲ್ಲಿ ಅದರ ಹೊಲಿಗೆ ಬಿಚ್ಚಿ ಸಿಪ್ಪೆಯೆಲ್ಲ ಅವರ ಬೂಟಿನೊಳಗೆ ಹೋಯಿತು.

"ಸಾರ್, ಸೈನ್ಸು ಸೋರ್ತೈತೆ," ಎಂದು ಹಿಂದಿನಿಂದ ಯಾರೋ ಅಂದರು. ನಾನಲ್ಲ. ನನಗೆ ತಿಂಗಳ ಕೊನೆಗೆ ಸಂಬಳ ಬೇಕು.

ಎರಡು ಗಂಟೆಗೆ ಹಿಂದಿನ ಗೋಡೆ ಚಾವಣಿಯ ಹತ್ತಿರದವರೆಗೂ ಚೀಲ ಹೊದ್ದು ನಿಂತಿತು. ಎಂಬತ್ತೈದಕ್ಕೂ ಹೆಚ್ಚು ವರ್ಷದ ಹಿಂದೆ ಜುಂಜಪ್ಪನವರ ಅಪ್ಪ ಒಟ್ಟಿದ್ದ ಹಾಗೆಯೇ. ಜುಂಜಪ್ಪ ನನ್ನನ್ನು ಏಳನೇ ಜಾಗದಲ್ಲಿ ನಿಲ್ಲಿಸಿ ಎದುರಿಗೆ ನಿಂತರು. ನಾನು ಕೈ ಎತ್ತಿದೆ.

"ತಡಿ," ಎಂದು ಗಾದ್ರಮ್ಮ ಬಂದು ಕೈ ಚಾಚಿದರು. "ಮೊದಲು ಫೋನು ಕೊಡು ಇಲ್ಲಿ."

ಕೊಟ್ಟೆ. ಅವರು ಅದನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ನಾನು ಚಪ್ಪಾಳೆ ಹೊಡೆದೆ. ಅದು ಹೋಯಿತು, ವಾಪಸ್ಸು ಬರಲಿಲ್ಲ. ನಗಬೇಕೋ ಬೇಡವೋ ತಿಳಿಯದೆ ಮುಖವನ್ನು ಕಲ್ಲಿನ ಹಾಗೆ ಇಟ್ಟುಕೊಂಡು ನಿಂತೆ.

"ಹುಬ್ಬು ಬಿಟ್ಟೈತೆ," ಎಂದರು ಜುಂಜಪ್ಪ. "ಬಾಗಿಲು ತೆಗೀರಿ."

ಹನ್ನೆರಡು ವರ್ಷದ ಮೇಲೆ ಬರ್ಮಾ ತೇಗದ ಬಾಗಿಲು ಎರಡೂ ಕಡೆ ಒಟ್ಟಿಗೆ ತೆರೆಯಿತು. ಬಾಡಿಗೆ ಕುರ್ಚಿ ತುಂಬಿದವು, ಜಮಖಾನೆ ತುಂಬಿತು, ಕಂಬಗಳಿಗೆ ಜನ ಒರಗಿದರು. ಮೂರನೇ ಕಂಬದ ಹತ್ತಿರ ಗಾದ್ರಮ್ಮ ತಮ್ಮ ಜಾಗ ಹಿಡಿದರು. ಕಡೇ ಸಾಲಿನಲ್ಲಿ ಸಾವ್ಕಾರರು, ಅವರಿಂದ ನಾಲ್ಕು ಕುರ್ಚಿ ಆಚೆ ಕಾವ್ಯಶ್ರೀ ಮತ್ತು ಅವಳ ಅಮ್ಮ. ನಾನು ಅವರ ಹಿಂದೆ ಚೀಲಕ್ಕೆ ಒರಗಿ ನಿಂತೆ, ಚೀಲ ಬೀಳದ ಹಾಗೆ ನೋಡಿಕೊಳ್ಳುವವನಂತೆ.

ಜುಂಜಪ್ಪ ಮಾತ್ರ ಪರದೆಯ ಕಟ್ಟೆಯ ಅಂಚಿನಲ್ಲಿ, ಪರದೆಗೆ ಬೆನ್ನು ಹಾಕಿ, ಜನರ ಕಡೆ ಮುಖ ಮಾಡಿ ಕೂತರು. ಹಳೆಯ ಕಪ್ಪುಬಿಳುಪು ಸಿನಿಮಾ ಅದು. ಬೆಳಕು ಜನರ ಮುಖದ ಮೇಲೆ ಬಿದ್ದು ಆಡುತ್ತಿತ್ತು. ಅವರು ನೋಡುತ್ತಿದ್ದದ್ದು ಅದನ್ನು.

ಸುಮಾರು ಇಪ್ಪತ್ತು ನಿಮಿಷಕ್ಕೆ ಪರದೆಯ ಮೇಲೆ ಒಬ್ಬ ಅತ್ತೆ ಸೊಸೆಯ ಕಿವಿಯಲ್ಲಿ ಪಿಸುಗುಟ್ಟಿದಳು. ಪಿಸುಮಾತು, ಅಷ್ಟು ಸಣ್ಣ ದನಿ. ಆಮೇಲೆ ಇಡೀ ಹಾಲು ನಕ್ಕಿತು. ನೆಲದವರು ಒಂದು ಸಲ, ಬೆಂಚಿನವರು ಒಂದು ಸಲ ಅಲ್ಲ. ಮುಂದಿನ ಮಗುವಿನಿಂದ ಹಿಡಿದು ಕಡೇ ಸಾಲಿನ ಕಾವ್ಯಶ್ರೀಯ ಅಮ್ಮನವರೆಗೆ ಎಲ್ಲರೂ ಒಂದೇ ಸಲ ನಕ್ಕರು. ಜುಂಜಪ್ಪನವರಿಗೆ ಆ ನಗು ಕೇಳಿಸಿತೋ ಇಲ್ಲವೋ, ಐನೂರು ಬಾಯಿ ಒಟ್ಟಿಗೆ ತೆರೆದದ್ದು ಕಾಣಿಸಿತು. ಅವರು ತಲೆಯ ಟವೆಲು ಬಿಚ್ಚಿ, ಮುಖ ಒರೆಸಿಕೊಂಡು, ಮತ್ತೆ ಸುತ್ತಿಕೊಂಡರು.

ಇಂಟರ್‌ವೆಲ್‌ನಲ್ಲಿ ದೀಪ ಹತ್ತಿತು. ಸಾವ್ಕಾರರು ಕಡೇ ಸಾಲಿನಿಂದ ಎದ್ದು, ಜನರ ನಡುವೆ ದಾರಿ ಮಾಡಿಕೊಂಡು ಕಟ್ಟೆಯ ಹತ್ತಿರ ಬಂದರು. ಬೆಳಿಗ್ಗೆ ಗಾದ್ರಮ್ಮ ನನಗೆ ಹೇಳಿದ್ದನ್ನು ಚೀಲ ಹೊರುವಾಗ ಯಾರೋ ಅವರ ಕಿವಿಗೂ ಹಾಕಿದ್ದರು. ಅದು ನಾನೇ. ಗುಟ್ಟು ಹೊರುವುದು ನನಗೆ ಚೀಲ ಹೊರುವಷ್ಟೂ ಬರುವುದಿಲ್ಲ.

ಅವರು ಜುಂಜಪ್ಪನವರ ಬಲಗಡೆ ಬಗ್ಗಿ, ಗಟ್ಟಿಯಾಗಿ ಹೇಳಿದರು: "ಜೇಸಿಬಿ ಬರಲ್ಲ ಜುಂಜಣ್ಣ!"

ಆ ಮಾತು ಹಾಲಿನ ಕಡೇ ಸಾಲಿಗೂ ಒಂದೇ ಸಲ, ಸ್ವಚ್ಛವಾಗಿ ಕೇಳಿಸಿತು. ಜನ ಚಪ್ಪಾಳೆ ಹೊಡೆದರು, ಶಿಳ್ಳೆ ಹಾಕಿದರು. ನಾನೂ ಹೊಡೆದೆ, ಅಷ್ಟು ಅಭ್ಯಾಸವಾಗಿದ್ದ ಕೈ ಆ ಹಾಲಿನಲ್ಲಿ ಇನ್ನೊಬ್ಬರದಿರಲಿಲ್ಲ. ಸದ್ದು ಅಡಗಿದ ಮೇಲೆ ಸಾವ್ಕಾರರು ಇನ್ನೂ ಬಗ್ಗಿಯೇ ಇದ್ದರು. ತಮಗೂ ಅವರಿಗೂ ಮಾತ್ರ ಎಂದುಕೊಂಡು ಕೇಳಿದ ಪ್ರಶ್ನೆಯೂ, ಗೋಡೆ ಅಷ್ಟು ಚೆನ್ನಾಗಿದ್ದುದರಿಂದ, ಊರಿಗೆಲ್ಲ ಕೇಳಿಸಿತು.

"ಅಲ್ಲ ಜುಂಜಣ್ಣ, ಕಿವಿ ಕೇಳಲ್ಲ ಅಂತ ನಂಗ್ಯಾಕೆ ಮೊದಲೇ ಹೇಳಲಿಲ್ಲ ನೀನು?"

ಸೋಡಾ ಮಾರುವವನು ಬಾಟಲಿ ಹಿಡಿದು ನಿಂತುಬಿಟ್ಟ.

ಜುಂಜಪ್ಪ ಸಾವ್ಕಾರರ ಮುಖವನ್ನು, ನನ್ನ ಮುಖ ನೋಡುತ್ತಿದ್ದಷ್ಟೇ ಗಮನವಿಟ್ಟು ನೋಡಿದರು.

"ಹೇಳಿದ್ದಿದ್ರೆ ನೀವು ನನ್ನ ಒಳಗೇ ಬಿಡ್ತಿರಲಿಲ್ಲ."